ಪ್ರಾಕ್ಟೀಸು, ಪಾಠ, ಪೇಂಟಿಂಗು: ಧಾರವಾಡದಲ್ಲಿದ್ದುಕೊಂಡು ಮೂರನ್ನೂ ಮಾಡೋದು ಆಗುತ್ತಾ?

ಬಟರ್‌ಪೇಪರ್ · ಧಾರವಾಡ

ನಮಸ್ಕಾರ ಎಲ್ಲರಿಗೂ. ನಾನು ಆರ್ಕಿಟೆಕ್ಟ್. ಸಪ್ತಾಪುರದಲ್ಲಿ ಸಣ್ಣದೊಂದು ಆಫೀಸು ಇದೆ. ಕೆಲಸ ಜಾಸ್ತಿ ಮನೆಗಳದ್ದೇ. ನಡುವೆ ಒಂದೆರಡು ಕ್ಲಿನಿಕ್ಕು, ಒಂದು ಶಾಲೆಗೆ ಹೊಸ ಕೋಣೆಗಳು. ಇದರ ಜೊತೆ ಚಿತ್ರ ಬರೆಯುತ್ತೇನೆ. ಇದ್ದಿಲು, ಜಲವರ್ಣ. ಮಾಳಮಡ್ಡಿಯ ಹಳೇ ಹೆಂಚಿನ ಮನೆಗಳನ್ನು ಕೆಡವುವ ಮೊದಲು ಒಂದಿಷ್ಟನ್ನಾದರೂ ಕಾಗದಕ್ಕೆ ಇಳಿಸಬೇಕು ಅಂತ ಭಾನುವಾರ ಬೆಳಗ್ಗೆ ಪ್ಯಾಡ್ ಹಿಡಿದು ಓಣಿಯಲ್ಲಿ ಕೂರುತ್ತೇನೆ. ಮನೆಯವರು ಹೊರಗೆ ಬಂದು "ಕಾರ್ಪೊರೇಷನ್ನಿಂದ ಬಂದೀರೇನ್ರೀ?" ಅಂತ ಕೇಳುತ್ತಾರೆ. ಅಲ್ಲ ಅಂದಮೇಲೆ ಚಹಾ ಕೊಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲೇ ಹತ್ತಿರದ ಒಂದು ಕಾಲೇಜಿನವರು ಆರ್ಕಿಟೆಕ್ಚರ್ ವಿಭಾಗಕ್ಕೆ ಬನ್ನಿ ಅಂತ ಕರೆದಿದ್ದಾರೆ. ಪೂರ್ಣಾವಧಿ ಕೆಲಸ, ತಿಂಗಳಾದರೆ ಸಂಬಳ. ಪಾಠ ಮಾಡೋದು ನನಗೆ ಇಷ್ಟ. ವಿದ್ಯಾರ್ಥಿಗಳ ಕೆಲಸ ನೋಡಿ ತೀರ್ಪು ಹೇಳುವ ಜ್ಯೂರಿಗೆ ಕರೆದಾಗೆಲ್ಲ ಹೋಗಿಬರುತ್ತೇನೆ. ಆದರೆ ಆಫೀಸು ಮುಚ್ಚೋಕೆ ಮನಸ್ಸಿಲ್ಲ. ಚಿತ್ರ ಬಿಡೋಕಂತೂ ಇಲ್ಲವೇ ಇಲ್ಲ. ಅಪ್ಪ ಮಾತ್ರ "ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ನೋಡಿದ್ದೆ, ನೀನು ಮೂರನೆಯದಕ್ಕೆ ಕಾಲು ಎಲ್ಲಿಂದ ತರುತ್ತೀಯಾ?" ಅಂತ ನಗುತ್ತಾರೆ.

ಮೂರನ್ನೂ ನಡೆಸಿದವರು, ನಡೆಸುವವರನ್ನು ಹತ್ತಿರದಿಂದ ಕಂಡವರು ಇದ್ದರೆ ಹೇಳಿ. ಹೊಗಳಿಕೆ ಬೇಡ. ಎಲ್ಲಿ ಎಡವುತ್ತಾರೆ, ಯಾರಿಗೆ ತೊಂದರೆ ಆಗುತ್ತದೆ, ಅದು ಬೇಕು.

ಹಳೇ ಟಿ-ಸ್ಕ್ವೇರ್ · ಹುಬ್ಬಳ್ಳಿ

ಮೇಡಂ, ನಾನು ಡ್ರಾಯಿಂಗ್ ಬೋರ್ಡು, ರಾಟ್ರಿಂಗ್ ಪೆನ್ನಿನ ಕಾಲದವನು. ಪ್ರಾಕ್ಟೀಸೂ ಮಾಡಿದೆ, ಪಾಠವೂ ಮಾಡಿದೆ. ಈಗ ಎರಡರಿಂದಲೂ ನಿವೃತ್ತ. ಹಾಗಾಗಿ ಯಾರ ಮುಲಾಜೂ ಇಲ್ಲ.

ಮೊದಲು ಕಾಗದಪತ್ರದ ಮಾತು ಮುಗಿಸೋಣ. ನಮ್ಮ ವೃತ್ತಿ ನಿಂತಿರೋದು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಮೇಲೆ. ಅದರಡಿ ಬಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಮ್ಮ ಹೆಸರನ್ನೂ ನೋಂದಾಯಿಸುತ್ತದೆ, ಕಾಲೇಜುಗಳ ಮಟ್ಟವನ್ನೂ ನೋಡುತ್ತದೆ. ಕಲಿಸುವವರು ಪ್ರಾಕ್ಟೀಸಿನಲ್ಲಿ, ಸಂಶೋಧನೆಯಲ್ಲಿ ತೊಡಗಲು ಕಾಲೇಜುಗಳು ಉತ್ತೇಜನ ಕೊಡಬೇಕು ಅಂತ ಅದರ 1983ರ ನಿಯಮಗಳಲ್ಲೇ ಇತ್ತು. ಅಂದರೆ ಪಾಠ ಮಾಡುವವರು ಕಟ್ಟಡ ಕಟ್ಟಬಾರದು ಅನ್ನೋದು ನಮ್ಮ ವೃತ್ತಿಯ ಮಾತೇ ಅಲ್ಲ.

ಆದರೆ ಕಾಲೇಜಿನ ಸೇವಾ ನಿಯಮ ಬೇರೆ. ಬಂದ ಫೀಜಿನಲ್ಲಿ ಪಾಲು ಕೇಳುವವರಿದ್ದಾರೆ. ಸಂಸ್ಥೆಯ ಹೆಸರಲ್ಲೇ ಮಾಡಿ ಅನ್ನುವವರಿದ್ದಾರೆ. ಬಾಯಲ್ಲಿ "ಮಾಡ್ಕೊಳ್ಳಿ ಬಿಡ್ರಿ" ಅಂದು ಕಾಗದದಲ್ಲಿ ಏನೂ ಕೊಡದವರೂ ಇದ್ದಾರೆ. ಈ ಕೊನೆಯವರ ಹತ್ತಿರ ಹೋಗಬೇಡಿ.

ಇನ್ನು ಮಾದರಿ ಬೇಕು ಅಂದರೆ ಆರ್ಕಿಟೆಕ್ಟ್ ಬಿ. ವಿ. ದೋಶಿಯವರನ್ನು ನೋಡಿ. 1950ರ ದಶಕದ ಶುರುವಿನಲ್ಲಿ ಪ್ಯಾರಿಸ್ಸಿನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲೆ ಕಾರ್ಬುಸಿಯೆ ಹತ್ತಿರ ಕೆಲಸ ಮಾಡಿದರು. ಅಹಮದಾಬಾದಿಗೆ ಬಂದು ಆಫೀಸು ಹಾಕಿದರು. 1962ರಲ್ಲಿ ಅಲ್ಲೇ ಆರ್ಕಿಟೆಕ್ಚರ್ ಶಾಲೆ ಶುರು ಮಾಡಿದರು, ಅದೇ ಬೆಳೆದು ಸೆಪ್ಟ್ ವಿಶ್ವವಿದ್ಯಾಲಯ ಆಯಿತು. 2018ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು, ಭಾರತಕ್ಕೆ ಅದೇ ಮೊದಲು. ನಮ್ಮ ಬೆಂಗಳೂರಿನ ಐಐಎಂ ಅವರದೇ. ಕಲ್ಲಿನ ಗೋಡೆ, ಮೇಲೆ ಬಳ್ಳಿ ಹಬ್ಬಿದ ಪರ್ಗೋಲಾ ಚಪ್ಪರ, ಉದ್ದಕ್ಕೂ ಅಗಲವಾದ ಓಡಾಟದ ಜಾಗ. ಅಷ್ಟು ಜಾಗವನ್ನು ಬರೀ ಓಡಾಟಕ್ಕೆ ಬಿಡೋಕೆ ಲೆಕ್ಕ ಹಾಕುವ ಆರ್ಕಿಟೆಕ್ಟಿಗೆ ಧೈರ್ಯ ಬರಲ್ಲ. ಹುಡುಗರು ಕ್ಲಾಸಿನ ಹೊರಗೆ ನಿಂತು ಮಾತಾಡುವಾಗ ಎಷ್ಟು ಕಲಿಯುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಿರುತ್ತದೆ.

ಇನ್ನೊಬ್ಬರು ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್. ಯೇಲ್‌ನಲ್ಲಿ, ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ಪಾಠ ಮಾಡಿದರು. ಈಜಿಪ್ಟ್, ಗ್ರೀಸ್ ತಿರುಗಿ ಪಾಸ್ಟೆಲ್‌ನಲ್ಲಿ ಚಿತ್ರ ಬರೆದರು. ಆ ಚಿತ್ರಗಳ ದಪ್ಪ ಗೋಡೆ, ಗಾಢ ನೆರಳು ಅಹಮದಾಬಾದಿನ ಐಐಎಂನಲ್ಲಿ ಇಟ್ಟಿಗೆಯಾಗಿ ನಿಂತಿವೆ. 1974ರಲ್ಲಿ ಅಹಮದಾಬಾದಿನಿಂದ ಊರಿಗೆ ಮರಳುವಾಗ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆಗ ಆಫೀಸು ಸಾಲದಲ್ಲಿ ಮುಳುಗಿತ್ತು. ಅದನ್ನೂ ನೆನಪಿಡಿ.

40-60 ಸೈಟು · ನವನಗರ

ನಾನು ಆರ್ಕಿಟೆಕ್ಟ್ ಅಲ್ಲ. ಮನೆ ಕಟ್ಟಿಸಿದವನು. ತೊಂದರೆ ಯಾರಿಗೆ ಅಂತ ಕೇಳಿದಿರಲ್ಲ, ನಮಗೆ.

ನಮ್ಮ ಆರ್ಕಿಟೆಕ್ಟ್ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ. ಪ್ಲಾನು ಚೆಂದ ಇತ್ತು, ಒಪ್ಪುತ್ತೇನೆ. ಆದರೆ ಕೆಲಸ ನಡೆಯುವಾಗ ಸಿಗುತ್ತಿರಲಿಲ್ಲ. ಪಶ್ಚಿಮದ ಕಿಟಕಿಗೆ ಸಜ್ಜಾ ಎಷ್ಟು ಹೊರಗೆ ಬರಬೇಕು ಅಂತ ಕೇಳೋಕೆ ಗೌಂಡಿ ನನ್ನ ಫೋನಿಂದಲೇ ಹಚ್ಚಿದ. ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಪರೀಕ್ಷೆ ಡ್ಯೂಟಿಯಲ್ಲಿ ಫೋನ್ ಹೊರಗಿಟ್ಟಿದ್ದರಂತೆ. ಸೆಂಟ್ರಿಂಗಿನವರು ಕಾಯುತ್ತಾರಾ? ಒಂದು ಫೂಟು ಹಾಕಿ ಕಾಂಕ್ರೀಟ್ ಸುರಿದರು. ಡ್ರಾಯಿಂಗಿನಲ್ಲಿ ಎರಡು ಫೂಟು ಇತ್ತು. ಆ ಷೀಟು ಸೈಟಿಗೆ ಬಂದೇ ಇರಲಿಲ್ಲ.

ಈಗ ಆಷಾಢದಲ್ಲಿ ಪಶ್ಚಿಮದ ಗಾಳಿ ಮಳೆ ಹಿಡಿದರೆ ಆ ಕೋಣೆಯಲ್ಲಿ ಕಿಟಕಿ ತೆಗೆಯೋ ಹಾಗಿಲ್ಲ. ಮುಚ್ಚಿದರೂ ಕೆಳಗಿನ ಗಿಲಾವು ಹಸಿ. ಪ್ರತಿ ವರ್ಷ ಬಣ್ಣ. ಅವರ ವಿದ್ಯಾರ್ಥಿಗಳು ಅವರನ್ನು ದೇವರು ಅನ್ನುತ್ತಾರೆ. ಇರಬಹುದು ಬಿಡಿ.

ಬಟರ್‌ಪೇಪರ್ · ಧಾರವಾಡ

ಸರ್, ಇಂಥದ್ದೇ ಬೇಕಿತ್ತು. ಧನ್ಯವಾದ. ಆದರೆ ಒಂದು ಮಾತು. ನಿಮ್ಮ ಆರ್ಕಿಟೆಕ್ಟ್ ಪಾಠ ಮಾಡದೇ ಇದ್ದರೂ ಆ ಷೀಟು ಬರದೇ ಇರಬಹುದಿತ್ತು. ಪೂರ್ತಿ ಪ್ರಾಕ್ಟೀಸಿನಲ್ಲೇ ಇರುವವರು ಒಂದೇ ಸಲಕ್ಕೆ ಹತ್ತು ಹದಿನೈದು ಸೈಟು ಇಟ್ಟುಕೊಂಡಿರುತ್ತಾರೆ. ಅವರೂ ಫೋನ್ ಎತ್ತಲ್ಲ. ಸಜ್ಜಾ, ಕಿಟಕಿ, ಲಿಂಟೆಲ್ (ಕಿಟಕಿ, ಬಾಗಿಲ ಮೇಲಿನ ತೊಲೆ) ಮಟ್ಟ ಇವೆಲ್ಲ ಲಿಂಟೆಲ್ ಹಂತಕ್ಕೆ ಮೊದಲೇ ಒಂದೇ ಷೀಟಿನಲ್ಲಿ ಸೈಟಿಗೆ ಹೋಗಬೇಕು. ಹೋದರೆ ಪರೀಕ್ಷೆ ಡ್ಯೂಟಿ ಇದ್ದರೂ ನಡೆಯುತ್ತದೆ.

ಹಾಗಂತ ನಿಮ್ಮ ಮಾತು ತಳ್ಳಿಹಾಕುತ್ತಿಲ್ಲ. ಯಾವ ವಾರ ಯಾವ ಗಂಟೆಗೆ ಸಿಗುತ್ತೇನೆ ಅಂತ ಮೊದಲೇ ಹೇಳದೆ ಇನ್ನೊಂದು ಕೆಲಸ ಹಿಡಿಯೋದು ಮೋಸವೇ.

ಗೌಂಡಿ ಮಗ · ಅಣ್ಣಿಗೇರಿ

40-60 ಅಣ್ಣಾರ, ಗೌಂಡಿಯ ಮೇಲೂ ಸ್ವಲ್ಪ ಹಾಕಿದಿರಿ ಅನಿಸಿತು. ಇರಲಿ. ಸೆಂಟ್ರಿಂಗು, ಮಿಕ್ಸರು, ಆಳು ಎಲ್ಲ ಬಂದು ನಿಂತಾಗ ಫೋನಿಗೆ ಕಾಯುವುದು ಯಾರಿಂದಲೂ ಆಗಲ್ಲ. ದಿನದ ಪಗಾರ ಯಾರು ಕೊಡುತ್ತಾರೆ?

ನಮ್ಮಪ್ಪ ಗೌಂಡಿ. ನಾನು ಈಗ ಸಣ್ಣ ಕಾಂಟ್ರ್ಯಾಕ್ಟರ್. ಪಾಠ ಮಾಡುವ ಆರ್ಕಿಟೆಕ್ಟ್‌ಗಳ ಬಗ್ಗೆ ನನಗೆ ಒಂದು ಒಳ್ಳೆಯ ಅನುಭವ ಇದೆ, ಹೇಳುತ್ತೇನೆ.

ಒಬ್ಬ ಮೇಡಂ ಹುಬ್ಬಳ್ಳಿಯ ಸೈಟಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಿದ್ದರು. ಒಬ್ಬ ಹುಡುಗ ಅದೇ ಮನೆಗೆ ತಾನೇ ಮಾಡಿದ ಮೆಟ್ಟಿಲಿನ ಡ್ರಾಯಿಂಗ್ ತಂದಿದ್ದ. ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ಮಾಡಿದ್ದ, ಗಾಜಿನ ಕಟಾಂಜನ ಬೇರೆ. ಮೇಡಂ ಅದನ್ನು ನಮ್ಮಪ್ಪನ ಕೈಗೆ ಕೊಟ್ಟು "ಕಾಕಾ, ಇದು ಕೂರುತ್ತಾ ನೋಡ್ರಿ" ಅಂದರು.

ಅಪ್ಪ ಬಣ್ಣ ನೋಡಲಿಲ್ಲ. "ಮನೆ ಎತ್ತರ ಎಷ್ಟು?" ಅಂದ. ಹತ್ತು ಫೂಟು. "ಮೆಟ್ಟಿಲು ಎತ್ತರ?" ಆರು ಇಂಚು. "ಹಂಗಾರ ಇಪ್ಪತ್ತು ಎತ್ತರ, ಹತ್ತೊಂಬತ್ತು ತುಳಿ. ತುಳಿ ಎಷ್ಟು?" ಹತ್ತು ಇಂಚು. "ನೂರಾ ತೊಂಬತ್ತು ಇಂಚು. ಹದಿನಾರು ಫೂಟಿಗೆ ಎರಡು ಇಂಚು ಕಡಿಮೆ. ನೀ ಬಿಟ್ಟ ಜಾಗ ಎಷ್ಟಪ್ಪ?" ಹುಡುಗ ಬಿಟ್ಟಿದ್ದು ಹನ್ನೆರಡು ಫೂಟು.

ಅಪ್ಪ ಗೋಡೆಯ ಹಸಿ ಗಿಲಾವಿನ ಮೇಲೆ ಕರಣೆಯ ಮೂಲೆಯಿಂದ ಗೀಚಿ ತೋರಿಸಿದ. ಹತ್ತು ಎತ್ತರ ಹತ್ತಿ ನಡುವೆ ಒಂದು ಕಟ್ಟೆ, ಅಲ್ಲಿಂದ ತಿರುಗಿ ಮತ್ತೆ ಹತ್ತು. ಒಂದು ಕಡೆಗೆ ಒಂಬತ್ತು ತುಳಿ ಅಂದರೆ ಏಳೂವರೆ ಫೂಟು, ಕಟ್ಟೆ ಮೂರೂವರೆ. ಹನ್ನೊಂದು ಫೂಟಿನಲ್ಲಿ ಮುಗಿಯಿತು. ಒಂದು ಫೂಟು ಉಳಿಯಿತು. ಎಲ್ಲ ಬಾಯಿಲೆಕ್ಕ.

ಹುಡುಗರು ಫೋಟೋ ಹೊಡೆದುಕೊಳ್ಳಲು ಹೋದರು. ಮೇಡಂ ಬೇಡ ಅಂದರು. "ಪುಸ್ತಕದಲ್ಲಿ ಬರೆದುಕೊಳ್ಳಿ, ಕಾಕಾ ಬರೆದ ಹಾಗೆಯೇ" ಅಂದರು. ಆ ಮೇಡಂ ಬರೀ ಕಾಲೇಜಿನಲ್ಲಿ ಇದ್ದಿದ್ದರೆ ಅವರಿಗೆ ನಮ್ಮಪ್ಪ ಸಿಗುತ್ತಿರಲಿಲ್ಲ. ಬರೀ ಸೈಟಿನಲ್ಲಿ ಇದ್ದಿದ್ದರೆ ಆ ಹುಡುಗರಿಗೆ ಸಿಗುತ್ತಿರಲಿಲ್ಲ.

ಅಪ್ಪನಿಗೆ ಆವತ್ತಿನ ಪಗಾರವನ್ನೂ ಕೊಟ್ಟರು. ಅದನ್ನು ಹೇಳಲೇಬೇಕು. ಪಾಠ ಮಾಡಿದ್ದು ಅವನಲ್ವಾ?

ಐದನೇ ಸೆಮ್ · ಹುಬ್ಬಳ್ಳಿ

ಸೂಪರ್ ಅಣ್ಣಾ. ನಮ್ಮ ಕಡೆಯಿಂದಲೂ ಹೇಳುತ್ತೇನೆ, ನಾನು ಬಿ.ಆರ್ಕ್ ಮೂರನೇ ವರ್ಷ.

ಪ್ರಾಕ್ಟೀಸ್ ಮಾಡುವ ಸರ್, ಮೇಡಂ ಬಂದರೆ ಸ್ಟುಡಿಯೋ ಬೇರೆಯೇ ಆಗುತ್ತದೆ. ಸ್ಲೈಡ್ ಓದಿಸಲ್ಲ. "ಈ ಟಾಯ್ಲೆಟ್ಟಿನ ಪೈಪು ಕೆಳಗಿನ ಮನೆಯ ದೇವರಕೋಣೆ ಮೇಲೆ ಬಂತಲ್ಲಪ್ಪ, ಅವರು ಸುಮ್ನೆ ಬಿಡ್ತಾರಾ?" ಅಂತ ಕೇಳುತ್ತಾರೆ. ಅದು ಪುಸ್ತಕದಲ್ಲಿ ಇರಲ್ಲ. ಆದರೆ ಅವರೇ ವಾರಕ್ಕೆ ಒಂದು ಸಲ "ಸೈಟಲ್ಲಿ ಸ್ಲ್ಯಾಬ್ ಇದೆ, ಇವತ್ತು ನೀವೇ ಕೆಲಸ ಮುಂದುವರಿಸಿ" ಅಂತ ಮೆಸೇಜು ಹಾಕುತ್ತಾರೆ. ನಾವು ರಾತ್ರಿಯೆಲ್ಲ ಎದ್ದು ಸನ್‌ಬೋರ್ಡ್ ಕೊಯ್ದು ಮಾಡೆಲ್ ಮಾಡಿರುತ್ತೇವೆ. ನೋಡೋರಿಲ್ಲ. ಜ್ಯೂರಿ ದಿನ ಹೊರಗಿನವರು ಬಂದು ಒಂದೇ ನೋಟಕ್ಕೆ ಹರಿದು ಹಾಕುತ್ತಾರೆ. 40-60 ಅಂಕಲ್‌ಗೆ ಸಜ್ಜಾ ಹೋಯ್ತು, ನಮಗೆ ಸೆಮಿಸ್ಟರು.

ಇನ್ನು ಚಿತ್ರದ ವಿಷಯ. ಮೊದಲನೇ ವರ್ಷ ಬೇಸಿಕ್ ಡಿಸೈನ್‌ನಲ್ಲಿ ಕೈಯಲ್ಲಿ ಬರೆಸುತ್ತಾರೆ. ಆಮೇಲೆ ಆಟೋಕ್ಯಾಡ್, ಸ್ಕೆಚಪ್, ಈಗ ಎಐ ಬೇರೆ. ಕೈಯಲ್ಲಿ ಚಿತ್ರ ಬರೆಯೋದು ನಿಂತೇಹೋಗುತ್ತದೆ. ನಮ್ಮನ್ನು ಮೆಷರ್ಡ್ ಡ್ರಾಯಿಂಗಿಗೆ, ಅಂದರೆ ಇರುವ ಕಟ್ಟಡ ಅಳೆದು ಬರೆಯೋಕೆ ಅಂತ ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದರು. ನಾವು ಹೋದ ಕೂಡಲೇ ಲೇಸರ್ ಮೀಟರ್ ತೆಗೆದೆವು. ಜೊತೆಗಿದ್ದ ಸರ್ ಅದನ್ನು ಬ್ಯಾಗಿಗೆ ಹಾಕಿಸಿ, ಮಧ್ಯಾಹ್ನದ ತನಕ ಬರೀ ಪೆನ್ಸಿಲ್ ಅಂದರು. ಚಿತ್ರ ಬರೆಯುವವರು ಅವರು.

ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆ ಬರೆಯೋಕೆ ಕೂತೆ. ಮೂಲೆ ಒಂದೇ ಇಲ್ಲ. ಒಂದು ಮೂಲೆ ಒಳಗೆ ಸರಿದು ಇನ್ನೊಂದು, ಅದು ಸರಿದು ಮತ್ತೊಂದು. ಬೆಳಗ್ಗೆ ಅವೆಲ್ಲ ಒಂದೇ ಗೋಡೆ ಅನಿಸಿದ್ದವು. ಬಿಸಿಲು ಓರೆಯಾದಾಗ ಪ್ರತಿ ಮೂಲೆಗೂ ಅದರದೇ ನೆರಳು ಬಿತ್ತು. ಆಗ ಎಣಿಸೋಕೆ ಬಂತು. ಆಮೇಲೆ ಅಳತೆ ತೆಗೆದರೆ ಯಾವುದನ್ನು ಅಳೆಯಬೇಕು ಅಂತ ಗೊತ್ತಿತ್ತು. ಪಕ್ಕದ ತಂಡದವರು ಲೇಸರಿನಿಂದ ಬೇಗ ಮುಗಿಸಿದರು, ಅವರ ಪ್ಲಾನಿನಲ್ಲಿ ಎರಡು ಮೂಲೆ ಕಾಣೆ.

ಬಟರ್‌ಪೇಪರ್ ಮೇಡಂ, ಬನ್ನಿ. ಆದರೆ ಬರುತ್ತೇನೆ ಅಂದ ದಿನ ಬನ್ನಿ.

ಗದಗಿನ ಕುಂಚ · ಗದಗ

ನಾನು ಡ್ರಾಯಿಂಗ್ ಮೇಷ್ಟ್ರು, ಚಿತ್ರಕಾರ. ಈ ಚರ್ಚೆಯಲ್ಲಿ ಕಲೆಯನ್ನು ಭಾನುವಾರಕ್ಕೆ ತಳ್ಳಿದ್ದೀರಿ ಅಂತ ನನಗೆ ಸ್ವಲ್ಪ ಬೇಸರ.

ನಮ್ಮ ಕಡೆ ಕಲೆ ಮತ್ತು ಪಾಠ ಬೇರೆಬೇರೆ ಇದ್ದದ್ದೇ ಇಲ್ಲ. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ತಾವೂ ಬರೆದರು, ಕಲಾಶಾಲೆಯನ್ನೂ ಕಟ್ಟಿದರು. ಗದಗಿನಲ್ಲಿ ಟಿ. ಪಿ. ಅಕ್ಕಿಯವರ ವಿಜಯ ಕಲಾ ಮಂದಿರ. ಈ ಭಾಗದ ಎಷ್ಟೋ ಕಲಾವಿದರು ಈ ಶಾಲೆಗಳ ಬೆಂಚಿನಿಂದ ಎದ್ದುಬಂದವರು. ಚಿತ್ರ ಮಾರಿ ಬದುಕೋಕೆ ಇಲ್ಲಿ ಮುಂಬೈಯಂಥ ಗ್ಯಾಲರಿಗಳಿಲ್ಲ. ಪಾಠವೇ ಅನ್ನ ಕೊಟ್ಟಿದ್ದು.

ಕಟ್ಟೋದರ ಬಗ್ಗೆ ಕೂಡ ಆರ್ಕಿಟೆಕ್ಟ್‌ಗಳದ್ದೇ ಹಕ್ಕು ಅಂತೇನಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆಯಲ್ಲ, ಅದು ಕಲಾವಿದ ಟಿ. ಬಿ. ಸೊಲಬಕ್ಕನವರ ಕನಸು. ಹಳ್ಳಿಯ ಮನೆ, ಒಕ್ಕಲು, ಕುಸ್ತಿ, ದನಕರು ಎಲ್ಲವನ್ನೂ ಮನುಷ್ಯನ ಅಳತೆಯಲ್ಲಿ ನಿಲ್ಲಿಸಿದ್ದಾರೆ. ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯನ್ನು ಮಾಡಿದ್ದು ಸತೀಶ್ ಗುಜ್ರಾಲ್. ಅವರೂ ಚಿತ್ರಕಾರರೇ, ಆರ್ಕಿಟೆಕ್ಚರ್ ಓದಿದವರಲ್ಲ.

ಬಟರ್‌ಪೇಪರ್ ಅವರೇ, ನಿಮಗೆ ಒಂದು ನೇರ ಪ್ರಶ್ನೆ. ಮಾಳಮಡ್ಡಿಯ ಮನೆ ಬರೆಯುತ್ತೇನೆ ಅಂದಿರಿ. ಅದು ಚಿತ್ರವೋ, ದಾಖಲೆಯೋ? ದಾಖಲೆ ಆದರೆ ಅದು ನಿಮ್ಮ ಆಫೀಸಿನ ಕೆಲಸದ ಇನ್ನೊಂದು ಭಾಗ ಅಷ್ಟೇ. ಚಿತ್ರ ಆದರೆ ಅಲ್ಲಿ ಕಟ್ಟಡ ಸೊಟ್ಟ ಆಗೋಕೂ ಬಿಡಬೇಕು. ಆರ್ಕಿಟೆಕ್ಟ್‌ಗಳ ಚಿತ್ರಗಳಲ್ಲಿ ನನಗೆ ಯಾವಾಗಲೂ ಕಾಣೋ ತೊಂದರೆ ಇದು. ಗೆರೆ ಬಹಳ ಸರಿ ಇರುತ್ತದೆ.

ಬಟರ್‌ಪೇಪರ್ · ಧಾರವಾಡ

ಸರ್, ಚುಚ್ಚಿದಿರಿ. ಹೆಚ್ಚಿನವು ದಾಖಲೆಯೇ. ಪಡಸಾಲೆಯ ಕಂಬ, ಬೋದಿಗೆ, ಹೆಂಚಿನ ಅಂಚಿನ ಪಟ್ಟಿ ಇವನ್ನು ಬರೆಯುವಾಗ ನಾನು ಅಳೆಯುತ್ತಲೇ ಇರುತ್ತೇನೆ. ಆದರೆ ಇದ್ದಿಲು ಹಿಡಿದಾಗ ಹಾಗಲ್ಲ. ಒಂದು ಮನೆಯಲ್ಲಿ ಗೋಡೆ ಅರ್ಧ ಬಿದ್ದು, ಒಳಗಿನ ಅಡುಗೆಮನೆಯ ಹೊಗೆ ಹಿಡಿದ ಗೋಡೆ ಬೀದಿಗೆ ಕಾಣುತ್ತಿತ್ತು. ಅದರಲ್ಲಿ ಅಳತೆ ಇಲ್ಲ. ಬರೀ ಕಪ್ಪು. ಅದು ಆಫೀಸಿಗೆ ಯಾವ ಉಪಯೋಗಕ್ಕೂ ಬರಲ್ಲ. ಬರಬೇಕಾಗಿಯೂ ಇಲ್ಲ.

ಲೆ ಕಾರ್ಬುಸಿಯೆ ಬೆಳಗ್ಗೆ ಮನೆಯಲ್ಲಿ ಚಿತ್ರ ಬರೆದು, ಮಧ್ಯಾಹ್ನದ ಮೇಲೆ ಆಫೀಸಿಗೆ ಹೋಗುತ್ತಿದ್ದರಂತೆ. ಚಂಡೀಗಢದ ವಿಧಾನಸಭೆಯ ದೊಡ್ಡ ಎನಾಮೆಲ್ ಬಾಗಿಲ ಮೇಲಿನ ಚಿತ್ರವೂ ಅವರದೇ. ಆದರೆ ಅವರು ಕಾಲೇಜಿಗೆ ಹೋಗಿ ಹಾಜರಿ ಕೂಗುತ್ತಿರಲಿಲ್ಲ!

ಎರೆಮಣ್ಣು · ನವಲಗುಂದ

ಸ್ಟ್ರಕ್ಚರಲ್ ಇಂಜಿನಿಯರ್ ಮಾತಾಡುತ್ತಿದ್ದೇನೆ. ಎಲ್ಲರೂ ಮೇಲಿನ ಮಾತೇ ಆಡುತ್ತಿದ್ದೀರಿ. ಕೆಳಗೆ ನೋಡೋರು ಯಾರು?

ಹುಬ್ಬಳ್ಳಿ ದಾಟಿ ಪೂರ್ವಕ್ಕೆ ಹೋದರೆ ಎರೆಭೂಮಿ. ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಇರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುತ್ತದೆ. ಅದರ ಮೇಲೆ ಸಾದಾ ಪಾಯಾ ಹಾಕಿದರೆ ಮನೆ ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆ ಬಿರುಕು ಬಂದರೆ ಅದೇ.

ಇದಕ್ಕೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಅಂಡರ್‌ರೀಮ್ಡ್ ಪೈಲ್ ಇದೆ. ತೆಳು ಕಂಬ ಕೆಳಗಿಳಿದು, ತುದಿಯ ಹತ್ತಿರ ಗಡ್ಡೆ ಕಟ್ಟುತ್ತದೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಸುಮಾರು 3.5 ಮೀಟರ್ ಆಳದಲ್ಲಿ ತೇವ ವರ್ಷವಿಡೀ ಜಾಸ್ತಿ ಏರುಪೇರಾಗಲ್ಲ, ಅಲ್ಲಿ ಅದು ಕಚ್ಚಿ ಕೂರುತ್ತದೆ. ಮೇಲಿನ ಬೀಮಿನ ಕೆಳಗೆ ಮಣ್ಣು ಉಬ್ಬೋಕೆ ಸ್ವಲ್ಪ ಸಂದು ಬಿಡಬೇಕು. ಈ ಸಂದು ಬಿಡೋದನ್ನೇ ಜನ ಮರೆಯುತ್ತಾರೆ. ಸಣ್ಣ ಕೆಲಸ ಆದರೆ ಕೆಲವರು ಎರೆಮಣ್ಣು ತೆಗೆದು ಗರಸು ತುಂಬಿ ದಮ್ಮಸು ಮಾಡುತ್ತಾರೆ.

ಆರ್ಕಿಟೆಕ್ಚರ್ ಹುಡುಗರಿಗೆ ಇದನ್ನು ಯಾರು ತೋರಿಸುತ್ತಾರೆ? ಥೀಸಿಸ್ಸಿನಲ್ಲಿ ನವಲಗುಂದದ ಸೈಟು ತೆಗೆದುಕೊಂಡು ನೆಲಮಾಳಿಗೆಯಲ್ಲಿ ಮ್ಯೂಸಿಯಂ ಮಾಡಿರುತ್ತಾರೆ. ಜ್ಯೂರಿಯಲ್ಲಿ "ಕಾನ್ಸೆಪ್ಟ್ ಏನು?" ಅಂತ ಕೇಳುತ್ತಾರೆ. ಮಣ್ಣು ಏನು ಅಂತ ಕೇಳಲ್ಲ. ಪ್ರಾಕ್ಟೀಸ್ ಮಾಡುವವರು ಕಾಲೇಜಿಗೆ ಹೋಗಬೇಕು ಅನ್ನೋದು ನನ್ನ ಮತ, ಇದೊಂದೇ ಕಾರಣಕ್ಕೆ.

ಕಲಘಟಗಿ ಅಪ್ಪ · ಕಲಘಟಗಿ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮಗಳು ಪಿಯುಸಿ. ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಆರ್ಕಿಟೆಕ್ಚರ್ ಬೇಕು ಅನ್ನುತ್ತಾಳೆ. ಚಿತ್ರ ಬಂದರೆ ಸಾಕಾ?

ನಿರ್ವಾಹಕರು

ಸರ್, ಪ್ರವೇಶದ ಪ್ರಶ್ನೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಂದು ಉತ್ತರಕ್ಕೆ ಮಾತ್ರ ಅವಕಾಶ.

ಹಳೇ ಟಿ-ಸ್ಕ್ವೇರ್ · ಹುಬ್ಬಳ್ಳಿ

ಆ ಒಂದು ಉತ್ತರ ನಾನೇ ಕೊಡುತ್ತೇನೆ. ಸಾಲದು ಸರ್. ಪಿಯುಸಿಯಲ್ಲಿ ಗಣಿತ ಇರಬೇಕು. ಕೌನ್ಸಿಲ್ ನಡೆಸುವ ನಾಟಾ ಪ್ರವೇಶ ಪರೀಕ್ಷೆ ಬರೆಯಬೇಕು. ಎನ್‌ಐಟಿಗಳಿಗೆ ಜೆಇಇಯಲ್ಲಿ ಬೇರೆ ಪೇಪರ್ ಇದೆ. ಕೋರ್ಸು 5 ವರ್ಷ, ಅದರಲ್ಲಿ ಆಫೀಸಿನಲ್ಲಿ ತರಬೇತಿಯೂ ಸೇರಿದೆ. ಚಿತ್ರ ಬರುತ್ತದೆ ಅಂದರೆ ಒಳ್ಳೆಯದು, ಆದರೆ ಮಗಳು ಮನೆಯ ಕಟ್ಟೆ, ಬಾಗಿಲು, ಬಚ್ಚಲು ಇವನ್ನೂ ನೋಡಿ ಬರೆಯುತ್ತಾಳಾ ಅಂತ ನೋಡಿ. ಬರೀ ನವಿಲು, ದೇವರು ಆದರೆ ಕಲಾಶಾಲೆಯೇ ಸರಿಹೋದೀತು.

ಬಟರ್‌ಪೇಪರ್ ಮೇಡಂಗೆ ಇನ್ನೊಂದು ದಾರಿ ಹೇಳೋದು ಮರೆತಿದ್ದೆ. 2022ರಲ್ಲಿ ಯುಜಿಸಿ "ಪ್ರೊಫೆಸರ್ ಆಫ್ ಪ್ರಾಕ್ಟೀಸ್" ಅಂತ ಮಾರ್ಗಸೂಚಿ ತಂದಿದೆ. ವೃತ್ತಿಯಲ್ಲಿರುವವರನ್ನು ಡಾಕ್ಟರೇಟ್ ಇಲ್ಲದಿದ್ದರೂ ಕರೆಯಬಹುದು. ಆದರೆ ಕನಿಷ್ಠ 15 ವರ್ಷ ಅನುಭವ ಕೇಳುತ್ತಾರೆ, ಮಂಜೂರಾದ ಹುದ್ದೆಗಳ ಶೇಕಡಾ 10ರಷ್ಟು ಮಾತ್ರ ಇಂಥವರು ಇರಬಹುದು. ನಿಮಗೆ ವಯಸ್ಸು ಎಷ್ಟು ಅಂತ ಕೇಳಲ್ಲ.

40-60 ಸೈಟು · ನವನಗರ

ಸರ್, ನನ್ನದೂ ಒಂದು ಅಡ್ಡ ಪ್ರಶ್ನೆ. ಇಷ್ಟೆಲ್ಲ ನೋಂದಣಿ, ಕೌನ್ಸಿಲ್ಲು ಅಂದಿರಿ. ಹಾಗಾದರೆ ನಮ್ಮ ಓಣಿಯಲ್ಲಿ ಇಂಜಿನಿಯರ್‌ಗಳು ಪ್ಲಾನ್ ಹಾಕಿಕೊಡುತ್ತಾರಲ್ಲ, ಅದು ತಪ್ಪಾ?

ಹಳೇ ಟಿ-ಸ್ಕ್ವೇರ್ · ಹುಬ್ಬಳ್ಳಿ

ಅಲ್ಲ. ಆ ಕಾಯ್ದೆ ಕಾಯೋದು ಹೆಸರನ್ನು ಮಾತ್ರ. ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳೋ ಹಾಗಿಲ್ಲ, ವಿನ್ಯಾಸದ ಕೆಲಸಕ್ಕೆ ತಡೆ ಇಲ್ಲ. ಸುಪ್ರೀಂ ಕೋರ್ಟು 2020ರಲ್ಲಿ ಹಾಗೇ ಹೇಳಿದೆ. ನಮ್ಮವರಿಗೆ ಅದು ಸಿಟ್ಟು ತರಿಸಿತು. ನನಗೆ ಅಷ್ಟೇನೂ ಅನಿಸಲಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಟ್ಟಿದವರ ಹತ್ತಿರ ಯಾವ ನೋಂದಣಿ ನಂಬರ್ ಇತ್ತು?

ಬಟರ್‌ಪೇಪರ್ · ಧಾರವಾಡ

ಎಲ್ಲ ಓದಿದೆ. ಕಾಲೇಜಿನವರ ಜೊತೆ ಮಾತೂ ಆಡಿದೆ.

ಪೂರ್ಣಾವಧಿ ಬೇಡ ಅಂದೆ. ವಿಸಿಟಿಂಗ್ ಆಗಿ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ. ಕಾಗದದಲ್ಲಿ ಬರೆಸಿಕೊಂಡೆ. ಸಂಬಳದ ಲೆಕ್ಕದಲ್ಲಿ ಇದು ನಷ್ಟವೇ. ಗಂಟೆ ಲೆಕ್ಕದ ದುಡ್ಡು ಬರುತ್ತದೆ, ರಜೆಯಲ್ಲಿ ಅದೂ ಇಲ್ಲ. ಅಪ್ಪನಿಗೆ ಇದು ಕೆಲಸ ಅನಿಸಿಯೇ ಇಲ್ಲ. ಆದರೆ ಆಫೀಸಿನ ಬಾಡಿಗೆ ಮನೆಗಳಿಂದಲೇ ಬರಬೇಕು ಅಂತಾದರೆ ಸೈಟು ಬಿಡೋಕೆ ಬರಲ್ಲ. ಪಾಠದ ದಿನ ಸೈಟಿಗೆ ಬರಲ್ಲ, ಸ್ಲ್ಯಾಬ್ ಇಡಬೇಡಿ ಅಂತ ಈಗ ನಡೆಯುತ್ತಿರುವ ಮನೆಗಳವರಿಗೂ ಕಾಂಟ್ರ್ಯಾಕ್ಟರ್‌ಗಳಿಗೂ ಹೇಳಿಬಿಟ್ಟಿದ್ದೇನೆ. ಒಬ್ಬರು ಮುಖ ಗಂಟು ಹಾಕಿದರು. ಉಳಿದವರು "ಗೊತ್ತಾದರೆ ಸಾಕು ಬಿಡ್ರಿ" ಅಂದರು. ಚಿತ್ರ ಭಾನುವಾರಕ್ಕೇ ಇದೆ. ಗದಗಿನ ಸರ್ ಬೈಯಲಿ.

ಈಗ ನಿಮ್ಮೆಲ್ಲರ ಸಹಾಯ ಬೇಕು. ಸ್ಟುಡಿಯೋಗೆ ಮೊದಲ ಕೆಲಸ ಯೋಚಿಸಿದ್ದೇನೆ. ನಮ್ಮ ಕಡೆ ಒಂದು ವಿಚಿತ್ರ ಇದೆಯಲ್ಲ, ಕಲಘಟಗಿ, ಅಳ್ನಾವರ ಕಡೆ ಮಳೆ ಜೋರು, ಕಡಿದಾದ ಹೆಂಚಿನ ಮಾಡು. ಧಾರವಾಡಕ್ಕೆ ಬಂದರೆ ಹೆಂಚೇ, ಇಳಿಜಾರು ಸ್ವಲ್ಪ ಕಡಿಮೆ. ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ಎರಡೂ ಕಲಸಿಕೊಂಡಿವೆ. ಅಣ್ಣಿಗೇರಿ, ಗದಗ ಕಡೆ ಹೋದರೆ ಮಾಡೇ ಇಲ್ಲ, ಮಣ್ಣಿನ ಮಾಳಿಗೆ. ತೊಲೆ, ಜಂತಿ, ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಮಣ್ಣು. ನಡುವೆ ಬೆಳಕಿಂಡಿ. ಒಂದು ದಿನದ ಬಸ್ ಪ್ರಯಾಣದಲ್ಲಿ ಛಾವಣಿ ಪೂರ್ತಿ ಬದಲಾಗುತ್ತದೆ. ಹುಡುಗರು ಆ ದಾರಿಯಲ್ಲಿ ಇಳಿದು ಇಳಿದು, ಪ್ರತಿ ಊರಿನಲ್ಲಿ ಒಂದೊಂದು ಮನೆಯ ಸೆಕ್ಷನ್ (ಮನೆಯನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಡ್ರಾಯಿಂಗ್) ಕೈಯಲ್ಲೇ ಬರೆಯಬೇಕು. ಜನ ವಾಸ ಇರುವ ಮನೆ. ಆಮೇಲೆ ಅದರಲ್ಲಿ ಒಂದು ಊರಿಗೆ ಈಗಿನ ಕಾಲದ ಛಾವಣಿ ಯೋಚಿಸಬೇಕು.

ಎರೆಮಣ್ಣು · ನವಲಗುಂದ

ಛಾವಣಿ ಜೊತೆ ಪಾಯಾದ ಮಣ್ಣನ್ನೂ ಪ್ರತಿ ಊರಿನಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತರಲಿ. ಸೆಕ್ಷನ್ ಅಂದರೆ ನೆಲದ ಕೆಳಗೂ ಇರುತ್ತದೆ. ನಾನು ಒಂದು ದಿನ ಬಂದು ನೀರು ಹಾಕಿ ಉಬ್ಬಿಸಿ ತೋರಿಸುತ್ತೇನೆ.

ಐದನೇ ಸೆಮ್ · ಹುಬ್ಬಳ್ಳಿ

ಮೇಡಂ, ಬೆಳಕಿಂಡಿಗೆ ಮಳೆ ಬಂದರೆ ಏನು ಮಾಡುತ್ತಾರೆ? ನಾನು ಅಪಾರ್ಟ್‌ಮೆಂಟಿನಲ್ಲೇ ಬೆಳೆದವಳು.

ಗೌಂಡಿ ಮಗ · ಅಣ್ಣಿಗೇರಿ

ಬೋಗುಣಿ ಡಬ್ಬು ಹಾಕುತ್ತಾರೆ ತಂಗಿ, ಇಲ್ಲ ಫರಸಿ ಮುಚ್ಚುತ್ತಾರೆ. ಮೊದಲ ಹನಿ ಬಿದ್ದ ಕೂಡಲೇ ಮನೆಯ ಹುಡುಗರು ಮಾಳಿಗೆಗೆ ಓಡಬೇಕು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮತ್ತೆ ಮಣ್ಣು ಹಾಕಿ ಬಡಿಯಬೇಕು. ಈಗ ಅದಕ್ಕೆ ಆಳು ಸಿಗಲ್ಲ, ಅದಕ್ಕೇ ಎಲ್ಲರೂ ತಗಡಿನ ಪತ್ರಾಸ್ ಹೊದಿಸುತ್ತಾರೆ, ಇಲ್ಲ ಸ್ಲ್ಯಾಬ್ ಹಾಕುತ್ತಾರೆ. ಬೇಸಿಗೆಯಲ್ಲಿ ಒಳಗೆ ಬೆಂದು ಹೋಗುತ್ತಾರೆ. ಹೊಸ ಛಾವಣಿ ಯೋಚಿಸುವ ಹುಡುಗರಿಗೆ ಇದನ್ನು ಮೊದಲೇ ಹೇಳಿ. ವರ್ಷಾ ವರ್ಷ ಆಳು ಬೇಕಾಗುವ ಛಾವಣಿ ನಡೆಯಲ್ಲ.

ಗದಗಿನ ಕುಂಚ · ಗದಗ

ಗದಗಿಗೆ ಬಂದ ದಿನ ನನಗೆ ಒಂದು ಗಂಟೆ ಕೊಡಿ. ಸೆಕ್ಷನ್ ಮುಗಿದ ಮೇಲೆ ಅದೇ ಮನೆಯ ಒಳಗೆ ಕೂರಿಸಿ, ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಬೆಳಕನ್ನು ಮಾತ್ರ ಬರೆಸುತ್ತೇನೆ. ಸ್ಕೇಲು ಮುಟ್ಟಿದವರಿಗೆ ಹೊರಗೆ ಕೂರುವ ಶಿಕ್ಷೆ.

ಬಟರ್‌ಪೇಪರ್ · ಧಾರವಾಡ

ಆಯ್ತು ಸರ್, ಆ ಒಂದು ಗಂಟೆ ನಾನೂ ಹುಡುಗರ ಜೊತೆ ಕೂರುತ್ತೇನೆ.

ಅಣ್ಣಿಗೇರಿ ಅಣ್ಣಾರ, ನಿಮ್ಮ ಯಾವುದಾದರೂ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ದಿನ ಹುಡುಗರನ್ನು ಕರೆದುಕೊಂಡು ಬರಬಹುದಾ?

ಗೌಂಡಿ ಮಗ · ಅಣ್ಣಿಗೇರಿ

ಸ್ಲ್ಯಾಬಿನ ದಿನ ಬೇಡ ಮೇಡಂ. ಆವತ್ತು ಮಿಕ್ಸರಿನ ಸದ್ದಿನಲ್ಲಿ ಯಾರ ಮಾತೂ ಕೇಳಲ್ಲ, ಹುಡುಗರು ಕಾಲಿಗೆ ಅಡ್ಡ ಬರುತ್ತಾರೆ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಬನ್ನಿ. ಕಬ್ಬಿಣ ಕಟ್ಟಿ ಮುಗಿದಿರುತ್ತದೆ, ಎಲ್ಲ ಕಾಣುತ್ತದೆ. ಅಪ್ಪನೂ ಇರುತ್ತಾನೆ. ಚಪ್ಪಲಿ ಹಾಕಿಕೊಂಡು ಬರಬೇಡಿ ಅಂತ ಹೇಳಿ, ಬೂಟು ಬೇಕು. ಸೆಂಟ್ರಿಂಗಿನ ಹಲಗೆಯಲ್ಲಿ ಮೊಳೆ ಇರುತ್ತವೆ.